ಕೆಲಸದ ವೇಳೆ ಬದಲಿಸಿಕೊಡಿ ಎಂದು ಕೇಳುವುದು ಹೇಗೆ

ಕೆಲವು ವರ್ಷಗಳ ಹಿಂದೆ ನನ್ನ ಮ್ಯಾನೇಜರರಿಗೆ ಎರಡು ಪುಟದ ಪತ್ರ ಬರೆದೆ. ಅಪ್ಪನ ಮೂತ್ರಪಿಂಡಗಳು ಕೈಕೊಟ್ಟದ್ದು, ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ, ಮುಗಿದ ಮೇಲೆ ಅವರಿಗೆ ಬರುವ ತಲೆಸುತ್ತು, ವಿಜಯನಗರದ ಮನೆಯಿಂದ ಬೆಳ್ಳಂದೂರಿನ ಕಚೇರಿಗೆ ದಿನಾ ಒದ್ದಾಡುವ ದಾರಿ, ಎಲ್ಲವನ್ನೂ ಬರೆದಿದ್ದೆ. ಕೊನೆಯ ಸಾಲಿನಲ್ಲಿ, 'ದಯವಿಟ್ಟು ಕೆಲಸದ ವೇಳೆಯಲ್ಲಿ ಸ್ವಲ್ಪ ಸಡಿಲಿಕೆ ಕೊಡಬೇಕು' ಎಂದಿತ್ತು. ಮ್ಯಾನೇಜರ್ ಒಳ್ಳೆಯ ಮನುಷ್ಯ. ಓದಿ ನೊಂದುಕೊಂಡರು. ಅಪ್ಪನ ಆರೋಗ್ಯ ವಿಚಾರಿಸಿದರು. ತಮ್ಮ ಸೋದರಮಾವನಿಗೂ ಹೀಗೇ ಆಗಿತ್ತು ಎಂದರು. ಸಡಿಲಿಕೆ ಮಾತ್ರ ಸಿಗಲಿಲ್ಲ.

ಅವರಿಗೆ ಬೇಕಾಗಿದ್ದ ಒಂದೇ ಒಂದು ವಿಷಯ ಆ ಎರಡು ಪುಟದಲ್ಲಿ ಇರಲಿಲ್ಲ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಯಾರಾದರೂ ಫೋನ್ ಮಾಡಿ, 'ನನ್ನ ಬಿಲ್ಲಿನ ಹಣ ಯಾವಾಗ ಬರುತ್ತದೆ' ಎಂದು ಕೇಳಿದರೆ ಉತ್ತರ ಕೊಡುವವರು ಯಾರು? ಬಿಲ್ ಪಾವತಿ ನೋಡಿಕೊಳ್ಳುವ ವಿಭಾಗ ನಮ್ಮದು. ಎರಡು ತಿಂಗಳ ನಂತರ ಎರಡನೇ ಪತ್ರ ಬರೆದಾಗ ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಅಪ್ಪನಿಗೆ ಅದರಲ್ಲಿ ಸಿಕ್ಕಿದ್ದು ಒಂದು ಸಾಲು. ನಾಲ್ಕನೇ ದಿನಕ್ಕೆ ಒಪ್ಪಿಗೆ ಬಂತು. ಈ ಎರಡು ಪತ್ರಗಳ ನಡುವೆ ಕಲಿತದ್ದನ್ನು, ಆಮೇಲೆ ಸಲಹೆ ಕೇಳಿಕೊಂಡು ಬಂದ ಸ್ನೇಹಿತರಿಂದ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಮನೆಯ ಕಡೆ ಏನು ಜರುಗಿಸಬಹುದು, ನೋಡಿ

ಕಚೇರಿಯನ್ನು ಕೇಳುವ ಮುನ್ನ ಇನ್ನೊಂದು ತುದಿಯಲ್ಲಿ ಕೇಳಬೇಕು. ಅಪ್ಪನ ಸರದಿ ಸೋಮ, ಬುಧ, ಶುಕ್ರವಾರ ಇತ್ತು. ಡಯಾಲಿಸಿಸ್ ಘಟಕದಲ್ಲಿ ವಿಚಾರಿಸಿದಾಗ ಮಂಗಳ, ಗುರು, ಶನಿವಾರದ ಬೆಳಗಿನ ಪಾಳಿಯಲ್ಲಿ ಒಂದು ಜಾಗ ತೆರವಾಗಲಿದೆ ಎಂದರು. ಒಂದು ತಿಂಗಳು ಕಾದೆವು. ನಮಗೆ ಶನಿವಾರ ರಜೆ. ಹೀಗಾಗಿ ನಾನು ಕಚೇರಿಯಿಂದ ಕೇಳಬೇಕಾದ ದಿನಗಳು ಮೂರರಿಂದ ಎರಡಕ್ಕೆ ಇಳಿದವು. ಶಾಲೆಯ ವ್ಯಾನಿನ ವೇಳೆ, ಅತ್ತೆಯ ಫಿಸಿಯೋಥೆರಪಿ, ಸಂಜೆ ಕಾಲೇಜಿನ ತರಗತಿ, ಯಾವುದೇ ಇರಲಿ, ಅಲ್ಲಿ ಅರ್ಧ ಗಂಟೆ ಆಚೀಚೆ ಆಗುತ್ತದೆಯೇ ಎಂದು ಕೇಳಿ ನೋಡಿ. ಆಗದಿದ್ದರೂ ನಷ್ಟವಿಲ್ಲ. 'ಅಲ್ಲಿ ಪ್ರಯತ್ನಿಸಿದೆ, ಆಗಲಿಲ್ಲ' ಎಂದು ಮ್ಯಾನೇಜರರ ಎದುರು ಹೇಳಬಲ್ಲವರ ಮಾತಿಗೆ ತೂಕ ಇರುತ್ತದೆ.

ಬೇಕಾದದ್ದನ್ನು ಗಂಟೆ, ವಾರಗಳಲ್ಲಿ ಬರೆಯಿರಿ

'ಸ್ವಲ್ಪ ಸಡಿಲಿಕೆ' ಎಂದರೆ ಕೇಳಿದವರಿಗೆ ಕೊನೆಯಿಲ್ಲದ ಸಡಿಲಿಕೆ ಎಂದೇ ಕೇಳಿಸುತ್ತದೆ. 'ಮಂಗಳವಾರ, ಗುರುವಾರ ಬೆಳಗ್ಗೆ 9.30ರ ಬದಲು 11.30ಕ್ಕೆ ಆರಂಭ, ಸಂಜೆ 6.30ರ ಬದಲು 8.30ಕ್ಕೆ ಮುಕ್ತಾಯ, ಆ ಎರಡು ದಿನ ಮನೆಯಿಂದ ಕೆಲಸ' ಎಂದು ಬರೆದರೆ ಅದಕ್ಕೊಂದು ಗಡಿ ಕಾಣುತ್ತದೆ. ಗಡಿ ಕಂಡರೆ ಒಪ್ಪುವವರ ಭಯವೂ ಕಡಿಮೆಯಾಗುತ್ತದೆ.

ಸಾಮಾನ್ಯವಾಗಿ ಜನ ಕೇಳುವುದು ನಾಲ್ಕು ಬಗೆ. ಗಂಟೆಗಳು ಅಷ್ಟೇ ಇದ್ದು ಆರಂಭ ಮತ್ತು ಮುಕ್ತಾಯ ಮಾತ್ರ ಜರುಗುವುದು ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ. ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡುವುದು ಎರಡನೆಯದು. ಸಂಬಳವನ್ನೂ ಕಡಿಮೆ ಮಾಡಿಕೊಂಡು ಗಂಟೆ ಇಳಿಸುವುದು ಮೂರನೆಯದು. ಇದನ್ನು ಕೇಳುವ ಮುನ್ನ ಭವಿಷ್ಯನಿಧಿ, ಗ್ರಾಚ್ಯುಟಿ, ಕಂಪನಿಯ ಆರೋಗ್ಯ ವಿಮೆ ಇವುಗಳಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಮನೆಯಲ್ಲಿ ರೋಗಿಯಿದ್ದಾಗ ವಿಮೆ ಕೈತಪ್ಪಿದರೆ ಉಳಿಸಿದ ಗಂಟೆಗಳಿಂದ ಏನೂ ಪ್ರಯೋಜನವಿಲ್ಲ.

ನಾಲ್ಕನೆಯದು ಐದು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಒತ್ತುವುದು. ಎಲ್ಲರಿಗೂ ಇದರ ಮೇಲೆ ಆಸೆ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಸತತ ಐದು ಗಂಟೆಯ ನಂತರ ಒಂದು ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ಕೆಲಸದ ದಿನ 12 ಗಂಟೆಗಿಂತ ಉದ್ದಕ್ಕೆ ಹರಡಬಾರದು. ಹತ್ತು ಗಂಟೆಯ ನಾಲ್ಕು ದಿನ ಎಂದಾಗ ದಿನದ ಮಿತಿ ಅಡ್ಡ ಬರುತ್ತದೆ. ಬೆಳಗ್ಗೆ 7ಕ್ಕೆ ಕುಳಿತು, ನಡುವೆ ಎದ್ದು, ರಾತ್ರಿ 10ಕ್ಕೆ ಮುಗಿಸುವ ಹೋಳು ದಿನಕ್ಕೆ 12 ಗಂಟೆಯ ಮಿತಿ ಅಡ್ಡ ಬರುತ್ತದೆ. ದಿನದ ಕೆಲಸದ ಮಿತಿಯನ್ನು ಹಿಗ್ಗಿಸುವ ಪ್ರಸ್ತಾಪಗಳು 2024ರಲ್ಲೂ 2025ರಲ್ಲೂ ಬಂದು ಐಟಿ ನೌಕರರ ಸಂಘಟನೆ ಬೀದಿಗಿಳಿದದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಇಂಥ ಬೇಡಿಕೆಯನ್ನು ಎಚ್‌ಆರ್ ತಿರಸ್ಕರಿಸಿದರೆ ಅದು ಹಟವೇ ಆಗಿರಬೇಕೆಂದಿಲ್ಲ. ಕೇಳುವ ಮುನ್ನವೇ ದಿನದ ಮಿತಿ ಎಷ್ಟೆಂದು ಎಚ್‌ಆರ್‌ನಲ್ಲಿ ವಿಚಾರಿಸಿಕೊಳ್ಳಿ.

ನೇಮಕಾತಿ ಪತ್ರವನ್ನು ಮತ್ತೆ ಓದಿ

ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿ ಒಳಗಿಟ್ಟ ಆ ಪತ್ರವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಕೆಲಸದ ವೇಳೆಯ ಬಗ್ಗೆ ಅಲ್ಲಿ ಏನಿದೆ, ಕಂಪನಿಯ ನೀತಿಯಲ್ಲಿ ಎಲ್ಲರೂ ಲಭ್ಯವಿರಲೇಬೇಕಾದ ಗಂಟೆಗಳು ಯಾವುವು, ಮನೆಯಿಂದ ಕೆಲಸಕ್ಕೆ ಅನುಮತಿ ಕೊಡುವ ಅಧಿಕಾರ ಯಾರಿಗಿದೆ, ಇವಿಷ್ಟನ್ನು ಗುರುತು ಹಾಕಿಕೊಳ್ಳಿ. ಮ್ಯಾನೇಜರರಿಗೆ ಅಧಿಕಾರವೇ ಇಲ್ಲದ ವಿಷಯವನ್ನು ಅವರ ಬಳಿ ಕೇಳಿ ಆರು ವಾರ ಕಾದವರನ್ನು ಬಲ್ಲೆ.

ವೇಳೆ ಬದಲಾದರೆ ಜೊತೆಗೇ ಬದಲಾಗುವ ಸಣ್ಣ ಸಂಗತಿಗಳೂ ಇವೆ. ಕಂಪನಿಯ ಕ್ಯಾಬ್ ನಿಮ್ಮ ಹೊಸ ವೇಳೆಗೆ ಬರುತ್ತದೆಯೇ? ಪಾಳಿ ಭತ್ಯೆ ಹೋಗುತ್ತದೆಯೇ? ತಡವಾಗಿ ಬೆರಳೊತ್ತಿದರೆ ಅರ್ಧ ದಿನ ರಜೆ ಕಡಿಯುವ ಹಾಜರಿ ಯಂತ್ರಕ್ಕೆ ಹೊಸ ವೇಳೆಯನ್ನು ಹೇಳುವವರು ಯಾರು? ಒಪ್ಪಿಗೆ ಸಿಕ್ಕ ನಂತರ ಆಗುವ ಜಗಳಗಳಲ್ಲಿ ಹೆಚ್ಚಿನವು ಈ ಮೂರರಿಂದಲೇ ಹುಟ್ಟುತ್ತವೆ.

ಕಾನೂನು ಎಲ್ಲಿ ನಿಮ್ಮ ಜೊತೆಗಿದೆ

ಖಾಸಗಿ ನೌಕರರೆಲ್ಲರಿಗೂ 'ವೇಳೆ ಬದಲಿಸಿಕೊಡಿ' ಎಂದು ಕೇಳುವ ಕಾನೂನಿನ ಹಕ್ಕು ನಮ್ಮಲ್ಲಿಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಹಿಡಿಯಲು ಕೊಂಬೆ ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 26 ವಾರಗಳ ರಜೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಕೆಲಸದ ಸ್ವರೂಪ ಹೊಂದುವಂತಿದ್ದರೆ ರಜೆ ಮುಗಿದ ಮೇಲೆ ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಬಹುದು ಎಂದೂ ಅದರಲ್ಲಿ ಇರುವುದು ಅನೇಕರಿಗೆ ಗೊತ್ತಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶ ಉಳಿದಿದೆ. ಕಂಪನಿ ಒಪ್ಪಲೇಬೇಕು ಎಂದು ಅದು ಹೇಳುವುದಿಲ್ಲ, ನಿಜ. ಆದರೂ ಪತ್ರದಲ್ಲಿ ಉಲ್ಲೇಖಿಸಲು ಒಂದು ಆಧಾರ ಸಿಗುತ್ತದೆ. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂಬುದು ಮಾತ್ರ ಕಡ್ಡಾಯ.

ಅಂಗವೈಕಲ್ಯ ಇರುವವರಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿದೆ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ ಅದು. ನಿಮ್ಮ ಕಂಪನಿಯ ನೀತಿಯನ್ನು ಕೇಳಿ ಪಡೆದು, ಅದರ ಮಾತುಗಳನ್ನೇ ನಿಮ್ಮ ಪತ್ರದಲ್ಲಿ ಬಳಸಿ.

ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ನೌಕರಿಯಲ್ಲಿರುವ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಮನವಿ ಸಲ್ಲಿಸುವ ಹಕ್ಕಿದೆ. ಹನ್ನೆರಡು ತಿಂಗಳಲ್ಲಿ ಎರಡು ಸಲ ಕೇಳಬಹುದು. ಮಾಲೀಕರು ಎರಡು ತಿಂಗಳೊಳಗೆ ನಿರ್ಧಾರ ತಿಳಿಸಬೇಕು. ನಿರಾಕರಿಸುವ ಮುನ್ನ ನೌಕರರೊಂದಿಗೆ ಮಾತನಾಡಬೇಕು. ಕಾನೂನು ಪಟ್ಟಿ ಮಾಡಿರುವ ಎಂಟು ವ್ಯಾವಹಾರಿಕ ಕಾರಣಗಳಲ್ಲಿ ಒಂದನ್ನಾದರೂ ಕೊಡಬೇಕು. ಪತ್ರಕ್ಕೆ ದಿನಾಂಕ ಹಾಕುವುದನ್ನೂ, ಇದು ಕಾನೂನುಬದ್ಧ ಮನವಿ ಎಂದು ಸ್ಪಷ್ಟವಾಗಿ ಬರೆಯುವುದನ್ನೂ ಮರೆಯಬೇಡಿ. ಕಂಪನಿ ಪ್ರಾಯೋಜಿಸಿದ ವೀಸಾದಲ್ಲಿ ಇರುವವರು ಗಂಟೆ ಇಳಿಸಿ ಸಂಬಳ ಕಡಿಮೆ ಮಾಡಿಕೊಳ್ಳುವ ಮುನ್ನ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳ ಎಷ್ಟೆಂದು ನೋಡಿಕೊಳ್ಳಿ.

ಎರಡು ವಾರದ ಟಿಪ್ಪಣಿ

ಪತ್ರ ಬರೆಯುವ ಮೊದಲು ಎರಡು ವಾರ, ನೀವು ಇಲ್ಲದಿರಬೇಕೆಂದುಕೊಂಡ ಗಂಟೆಗಳಲ್ಲಿ ಕಚೇರಿಯಲ್ಲಿ ಏನು ನಡೆಯುತ್ತದೆ ಎಂದು ಬರೆದಿಡಿ. ಎಷ್ಟು ಫೋನ್, ಯಾರಿಂದ, ಯಾವುದಕ್ಕೆ ತಕ್ಷಣ ಉತ್ತರ ಬೇಕಿತ್ತು, ಯಾವುದು ಮಧ್ಯಾಹ್ನದವರೆಗೆ ಕಾಯಬಹುದಿತ್ತು. ಬೆಳಗ್ಗೆ 9.30ರಿಂದ 11.30ರವರೆಗೆ ನನ್ನ ಮೇಜು ಗದ್ದಲದ ಸಂತೆ ಎಂದೇ ಭಾವಿಸಿದ್ದೆ. ಮಂಗಳವಾರ, ಗುರುವಾರಗಳ ಲೆಕ್ಕ ತೆಗೆದಾಗ ದಿನಕ್ಕೆ ಬರುತ್ತಿದ್ದದ್ದು ಮೂರು ನಾಲ್ಕು ಕರೆ, ಅದರಲ್ಲಿ ತುರ್ತಿನದು ಹೆಚ್ಚೆಂದರೆ ಒಂದು. ಈ ಲೆಕ್ಕ ಇಲ್ಲದೆ ಮಾತಿಗೆ ಕುಳಿತಿದ್ದರೆ ಮ್ಯಾನೇಜರರ ಊಹೆಯೇ ಗೆಲ್ಲುತ್ತಿತ್ತು.

ಹೊರದೇಶದ ಗ್ರಾಹಕರೊಂದಿಗೆ ಕೆಲಸ ಮಾಡುವವರು ಇನ್ನೊಂದು ಲೆಕ್ಕ ಹಾಕಬೇಕು. ನ್ಯೂಯಾರ್ಕಿನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸಿದ ಮೇಲೆ ಅದೇ 9 ಗಂಟೆ ನಮಗೆ 7.30. ಲಂಡನ್ನಿನ 9 ಗಂಟೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಅವರು ಗಡಿಯಾರ ಬದಲಿಸುವುದು ಅಕ್ಟೋಬರಿನ ಕೊನೆಯ ಭಾನುವಾರ. ಮೇ ತಿಂಗಳಲ್ಲಿ ಸಲೀಸಾಗಿ ಒಪ್ಪಿಕೊಂಡ ವೇಳಾಪಟ್ಟಿ ನವೆಂಬರಿನಲ್ಲಿ ಮಗುವನ್ನು ಕರೆತರುವ ಹೊತ್ತಿಗೇ ಬಂದು ಬೀಳಬಹುದು. ಎರಡೂ ಋತುವಿನ ವೇಳೆಯನ್ನು ಬರೆದಿಟ್ಟುಕೊಂಡು, ಎರಡಕ್ಕೂ ಹೊಂದುವಂತೆ ಕೇಳಿ.

ಪಕ್ಕದ ಮೇಜಿನವರನ್ನು ಮೊದಲು ಕೇಳಿ

ನನ್ನ ಮೊದಲ ಪತ್ರ ಸೋತದ್ದಕ್ಕೆ ಇದೂ ಒಂದು ಕಾರಣ. ನಾನು ಇಲ್ಲದಾಗ ಫೋನ್ ಎತ್ತಬೇಕಾದ ಸಹೋದ್ಯೋಗಿಗೆ ವಿಷಯ ತಿಳಿದದ್ದು ಮ್ಯಾನೇಜರರ ಬಾಯಿಂದ. ಸಹಜವಾಗಿ ಮುಖ ಗಂಟಿಕ್ಕಿದರು. ಎರಡನೇ ಸಲ ಮೊದಲು ಅವರ ಜೊತೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ. ವಾರಕ್ಕೆ ಎರಡು ಸಂಜೆ 7 ಗಂಟೆಗೆ ಅಮೆರಿಕದ ತಂಡದ ಜೊತೆ ಅರ್ಧ ಗಂಟೆಯ ಕರೆ ಇರುತ್ತಿತ್ತು. ಅದು ಅವರ ಪಾಲಿಗೆ ಬಿದ್ದಿತ್ತು, ಅವರಿಗೆ ಅದು ಶನಿಯಂತೆ ಅಂಟಿಕೊಂಡಿತ್ತು. 'ಆ ಕರೆ ನನಗೆ ಕೊಡಿ, ಆ ಎರಡು ದಿನ ಬೆಳಗಿನ ಎರಡು ಗಂಟೆ ನೀವು ನೋಡಿಕೊಳ್ಳಿ' ಎಂದೆ. ಕಾಫಿ ಮುಗಿಯುವ ಮೊದಲೇ ಮಾತು ಮುಗಿಯಿತು.

ಎಲ್ಲರಿಗೂ ಇಷ್ಟು ಅನುಕೂಲದ ವಿನಿಮಯ ಸಿಗುವುದಿಲ್ಲ. ಆದರೆ ತಂಡದಲ್ಲಿ ಯಾರಿಗೂ ಬೇಡವಾದ ಒಂದು ಕೆಲಸ ಇದ್ದೇ ಇರುತ್ತದೆ. ತಿಂಗಳ ಕೊನೆಯ ಶನಿವಾರದ ಲೆಕ್ಕ, ಹಬ್ಬದ ಹಿಂದಿನ ದಿನದ ಪಾಳಿ, ಆಡಿಟರ್ ಬಂದಾಗ ಪಕ್ಕದಲ್ಲಿ ಕೂರುವುದು. ಅದನ್ನು ಹುಡುಕಿ.

ಮೊದಲು ಮಾತು, ಅದೇ ದಿನ ಮೇಲ್

ತಿಂಗಳ ಕೊನೆ, ತ್ರೈಮಾಸಿಕದ ಕೊನೆ, ವಾರ್ಷಿಕ ಮೌಲ್ಯಮಾಪನದ ವಾರ, ಇವು ಬೇಡ. ಮೌಲ್ಯಮಾಪನದಲ್ಲಿ ಕೇಳಿದರೆ ಸಂಬಳದ ಏರಿಕೆಯ ಬದಲಿಗೆ ಇದನ್ನು ಕೊಟ್ಟು ಕೈತೊಳೆದುಕೊಳ್ಳುವ ಅಪಾಯವೂ ಇದೆ. ಹದಿನೈದು ನಿಮಿಷ ಸಮಯ ಕೇಳಿ ಕೂತು ಮಾತನಾಡಿ. ಮೊದಲ ವಾಕ್ಯವೇ ಏರ್ಪಾಡಿನ ಬಗ್ಗೆ ಇರಲಿ: 'ಸರ್, ಮಂಗಳವಾರ, ಗುರುವಾರ ನಾನು ಎರಡು ಗಂಟೆ ತಡವಾಗಿ ಆರಂಭಿಸಬೇಕಾಗಿದೆ. ಆ ಹೊತ್ತಿನಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ಬರೆದು ತಂದಿದ್ದೇನೆ.' ಕಾರಣವನ್ನು ಆಮೇಲೆ, ಒಂದೆರಡು ಮಾತಿನಲ್ಲಿ ಹೇಳಿ. ಮನೆಯ ಕಷ್ಟವನ್ನು ಪೂರ್ತಿ ಬಿಚ್ಚಿಡುವ ಅಗತ್ಯವಿಲ್ಲ. ನಿಮ್ಮ ಕಾಯಿಲೆಯದೇ ವಿಷಯವಾದರೆ ವೈದ್ಯರ ಪತ್ರವನ್ನು ಎಚ್‌ಆರ್‌ಗೆ ಮಾತ್ರ ಕೊಡಬಹುದೇ ಎಂದು ಕೇಳಿ. ತಂಡದ ಸಾಮೂಹಿಕ ಮೇಲ್‌ಗೆ ಅದು ಹೋಗಬೇಕಾಗಿಲ್ಲ.

ಮಾತಾದ ದಿನವೇ ಮೇಲ್ ಕಳುಹಿಸಿ. ಬಹುತೇಕ ಕಡೆ ಅದು ಇಂಗ್ಲಿಷಿನಲ್ಲೇ ಹೋಗಬೇಕಾಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿ, ಅನಗತ್ಯ ವಿನಯವೆಲ್ಲ ತಾನಾಗಿ ಉದುರುತ್ತದೆ. ನನ್ನ ಎರಡನೇ ಪತ್ರದ ಸಾರ ಹೀಗಿತ್ತು:

ವಿಷಯ: ಮಂಗಳವಾರ, ಗುರುವಾರದ ಕೆಲಸದ ವೇಳೆ ಬದಲಾವಣೆ, ಎರಡು ತಿಂಗಳ ಪ್ರಯೋಗಕ್ಕೆ

ಮಾನ್ಯರೇ,
ಇಂದು ಮಾತನಾಡಿದಂತೆ, ಮುಂದಿನ ತಿಂಗಳ 1ರಿಂದ ಎರಡು ತಿಂಗಳು, ಮಂಗಳವಾರ ಮತ್ತು ಗುರುವಾರ 11.30ರಿಂದ 8.30ರವರೆಗೆ ಮನೆಯಿಂದ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಉಳಿದ ಮೂರು ದಿನ ಈಗಿನಂತೆಯೇ ಕಚೇರಿಗೆ ಬರುತ್ತೇನೆ. ಒಟ್ಟು ಗಂಟೆಗಳಲ್ಲಿ ಬದಲಾವಣೆಯಿಲ್ಲ.
ಆ ಎರಡು ದಿನ 9.30ರಿಂದ 11.30ರವರೆಗೆ ಬರುವ ಕರೆಗಳನ್ನು ನನ್ನ ಸಹೋದ್ಯೋಗಿ ತೆಗೆದುಕೊಳ್ಳುತ್ತಾರೆ. ಅವರು ಒಪ್ಪಿದ್ದಾರೆ. ಅವರ ಸಂಜೆಯ ಅಮೆರಿಕದ ಕರೆಯನ್ನು ನಾನು ವಹಿಸಿಕೊಳ್ಳುತ್ತೇನೆ. ಕಳೆದ ಎರಡು ವಾರದ ಕರೆಗಳ ಲೆಕ್ಕವನ್ನು ಲಗತ್ತಿಸಿದ್ದೇನೆ.
ತಿಂಗಳ ಕೊನೆಯ ಮೂರು ಕೆಲಸದ ದಿನಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಆ ದಿನಗಳಿಗೆ ಮನೆಯಲ್ಲಿ ಬೇರೆ ಏರ್ಪಾಡು ಮಾಡಿಕೊಂಡಿದ್ದೇನೆ.
ಕಾರಣ: ತಂದೆಯವರ ಡಯಾಲಿಸಿಸ್.
ಎರಡು ತಿಂಗಳ ನಂತರ, ಬಾಕಿ ಉಳಿದ ಬಿಲ್ಲುಗಳ ಸಂಖ್ಯೆಯನ್ನು ಹಿಂದಿನ ಎರಡು ತಿಂಗಳೊಂದಿಗೆ ಹೋಲಿಸಿ ತಾವು ನಿರ್ಧರಿಸಬಹುದು.

ಕೊನೆಯ ಸಾಲಿನ ಮೇಲೆ ನನಗೆ ಸ್ವಲ್ಪ ಜಂಬವಿದೆ. ಪ್ರಯೋಗವನ್ನು ಅಳೆಯುವ ಕೋಲನ್ನು ನೀವೇ ಕೊಡದಿದ್ದರೆ, 'ಯಾಕೋ ನೀವು ಕಾಣುವುದೇ ಅಪರೂಪ' ಎಂಬ ಅನಿಸಿಕೆಯೇ ಅಳತೆಗೋಲಾಗುತ್ತದೆ. ಬಾಕಿ ಬಿಲ್ಲು, ಮುಚ್ಚಿದ ದೂರುಗಳು, ಗಡುವಿಗೆ ಮುಗಿದ ವರದಿಗಳು, ನಿಮ್ಮ ಕೆಲಸದಲ್ಲಿ ಎಣಿಸಬಹುದಾದ ಏನಾದರೂ ಒಂದನ್ನು ಆರಿಸಿಕೊಳ್ಳಿ. ತಿಂಗಳ ಕೊನೆಯ ಮೂರು ದಿನ ಬಿಟ್ಟುಕೊಟ್ಟದ್ದೂ ಯೋಚಿಸಿಯೇ. ಚಿಕ್ಕಪ್ಪನ ಮಗನೊಬ್ಬ ಆ ದಿನಗಳಲ್ಲಿ ಅಪ್ಪನ ಜೊತೆ ಹೋಗಲು ಒಪ್ಪಿದ್ದ.

'ನೋಡೋಣ' ಎಂದರೆ

ನಮ್ಮ ಕಚೇರಿಗಳಲ್ಲಿ 'ಆಗುವುದಿಲ್ಲ' ಎಂದು ನೇರವಾಗಿ ಹೇಳುವವರು ಕಡಿಮೆ. 'ನೋಡೋಣ' ಎನ್ನುತ್ತಾರೆ. ಅದಕ್ಕೆ ತಲೆಯಾಡಿಸಿ ಎದ್ದುಬರಬೇಡಿ. 'ಮುಂದಿನ ಬುಧವಾರ ಬಂದು ಕೇಳಲೇ ಸರ್? ಅಷ್ಟರಲ್ಲಿ ತಮಗೆ ಇನ್ನೇನು ವಿವರ ಬೇಕು?' ಎಂದು ಅಲ್ಲೇ ಕೇಳಿ. ವಿವರ ಕೇಳಿದರೆ ಬಾಗಿಲು ತೆರೆದಿದೆ ಎಂದರ್ಥ.

'ನಿಮಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ' ಎಂಬುದು ಬಂದೇ ಬರುವ ಮಾತು. ಇದಕ್ಕೆ ವಾದ ಮಾಡಿ ಗೆದ್ದವರಿಲ್ಲ. 'ಬದಲಿ ಏರ್ಪಾಡನ್ನು ಬರೆದುಕೊಟ್ಟವರಿಗೆ ಮಾತ್ರ ಎಂದು ನಿಯಮ ಮಾಡಬಹುದಲ್ಲ ಸರ್' ಎಂದು ನಾನು ಹೇಳಿದ್ದೆ. ಅವರು ನಕ್ಕರು. ಆ ನಗು ನನಗೆ ಅನುಕೂಲವಾಯಿತು. ಮಾಹಿತಿ ಸುರಕ್ಷತೆಯ ಮಾತು ಬಂದರೆ ಮನೆಯಿಂದ ಕೆಲಸವನ್ನು ಕೈಬಿಟ್ಟು ವೇಳೆ ಬದಲಾವಣೆಯನ್ನಷ್ಟೇ ಉಳಿಸಿಕೊಳ್ಳಲು ಸಿದ್ಧರಾಗಿರಿ. ಕೇಳಿದ್ದರಲ್ಲಿ ಯಾವುದನ್ನು ಬಿಟ್ಟುಕೊಡಬಲ್ಲಿರಿ, ಯಾವುದನ್ನು ಇಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕು.

ಖಂಡಿತ ಆಗದು ಎಂದಾದರೆ ಕಾರಣವನ್ನು ಮೇಲ್‌ನಲ್ಲಿ ಕೇಳಿ ಪಡೆಯಿರಿ. ಮೂರು ತಿಂಗಳ ನಂತರ ಮತ್ತೆ ಕೇಳುವಾಗ ಆ ಕಾರಣಕ್ಕೇ ಉತ್ತರ ತಯಾರಿರಬೇಕು. ಕೆಲಸ ಬಿಡುತ್ತೇನೆ ಎಂಬ ಬೆದರಿಕೆಯನ್ನು ನಿಜವಾಗಿ ಬಿಡಲು ಸಿದ್ಧರಿರುವವರು ಮಾತ್ರ ಹಾಕಬೇಕು. ಅದಕ್ಕೂ ಮೊದಲು ನೋಟಿಸ್ ಅವಧಿ 60 ದಿನವೋ 90 ದಿನವೋ ನೋಡಿಕೊಳ್ಳಿ.

ಈ ದಾರಿ ಎಲ್ಲರಿಗೂ ತೆರೆದಿಲ್ಲ ಎಂಬುದನ್ನು ಮುಚ್ಚಿಡಲಾರೆ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕೂತ ಹೆಣ್ಣುಮಗಳಿಗೆ, ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ 11.30ಕ್ಕೆ ಬರುತ್ತೇನೆ ಎನ್ನಲಾಗುವುದಿಲ್ಲ. ಅಲ್ಲಿ ಕೇಳಿ ಪಡೆಯಬಹುದಾದದ್ದು ಪಾಳಿಯ ಅದಲುಬದಲು, ವಾರದ ರಜೆಯ ದಿನದ ಬದಲಾವಣೆ, ಬಿಡುವಿನ ವೇಳೆಯನ್ನು ಹಿಂದೆಮುಂದೆ ಮಾಡುವುದು. ಒಬ್ಬರೇ ಕೇಳುವುದಕ್ಕಿಂತ ಅದೇ ಕಷ್ಟ ಇರುವ ನಾಲ್ಕೈದು ಜನ ಸೇರಿ ಕೇಳಿದರೆ, ಸಂಘವಿದ್ದರೆ ಅದರ ಮೂಲಕ ಕೇಳಿದರೆ, ಕೆಲಸವಾಗುವ ಸಾಧ್ಯತೆ ಹೆಚ್ಚು.

ಒಪ್ಪಿಗೆ ಸಿಕ್ಕ ಮೇಲೆ

ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾಗುವ ದಿನದವರೆಗೆ ಮಾತ್ರ ಬಾಳುತ್ತದೆ. ನಮ್ಮಲ್ಲಿ ಏಳು ತಿಂಗಳಿಗೇ ಬದಲಾದರು. ಹೊಸಬರು ಬಂದ ಎರಡನೇ ವಾರ, 'ಮಂಗಳವಾರ ನೀವು ಎಲ್ಲಿರುತ್ತೀರಿ' ಎಂದು ಕೇಳಿದರು. ಎಚ್‌ಆರ್ ಪ್ರತಿಯೊಂದಿಗೆ ಬಂದಿದ್ದ ಹಳೆಯ ಮೇಲ್ ತೋರಿಸಿದೆ. ಮುಂದೆ ಮಾತು ಬೆಳೆಯಲಿಲ್ಲ. ಎರಡು ತಿಂಗಳ ಪ್ರಯೋಗ ಮುಗಿದಾಗ, 'ಮುಂದುವರಿಸಲಾಗಿದೆ' ಎಂಬ ಒಂದು ಸಾಲನ್ನೂ ಕೇಳಿ ಪಡೆದಿದ್ದು ಆಗ ಉಪಯೋಗಕ್ಕೆ ಬಂತು.

ಮೊದಲ ತಿಂಗಳು ಹೊಸ ವೇಳೆಗೆ ಒಂದು ನಿಮಿಷವೂ ತಪ್ಪದೆ ಲಾಗಿನ್ ಆಗಿ. ಕ್ಯಾಲೆಂಡರಿನಲ್ಲಿ ನಿಮ್ಮ ಗಂಟೆಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿ. ಇದಕ್ಕೆ ತದ್ವಿರುದ್ಧವಾದ ತಪ್ಪನ್ನೂ ನಾನು ಮಾಡಿದ್ದೇನೆ. ಉಪಕಾರ ಪಡೆದವರ ಹಾಗೆ ರಾತ್ರಿ ಹತ್ತೂವರೆಗೂ ಮೇಲ್‌ಗೆ ಉತ್ತರ ಕೊಡುತ್ತಿದ್ದೆ, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೂ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಸಂಜೆಯ ಕರೆಯನ್ನು ನನಗೆ ಕೊಟ್ಟ ಸಹೋದ್ಯೋಗಿಯೇ ಒಂದು ದಿನ, 'ನೀವು ಒಂಬತ್ತು ಗಂಟೆಯ ಕೆಲಸ ಕೊಟ್ಟು ಒಂಬತ್ತು ಗಂಟೆಯ ಸಂಬಳ ತೆಗೆದುಕೊಳ್ಳುತ್ತಿದ್ದೀರಿ, ಯಾರ ಸಾಲವನ್ನು ತೀರಿಸುತ್ತಿದ್ದೀರಿ?' ಎಂದು ಗದರಿದರು.

ಅಗತ್ಯ ಕಡಿಮೆಯಾದಾಗ ನೀವೇ ಹೋಗಿ ಹೇಳಿ. ಒಂದೂವರೆ ವರ್ಷದ ನಂತರ ನನ್ನ ತಮ್ಮ ಹಾಸನದ ಕೆಲಸ ಬಿಟ್ಟು ಬೆಂಗಳೂರಿಗೆ ಬಂದ, ಗುರುವಾರದ ಸರದಿಯನ್ನು ಅವನು ವಹಿಸಿಕೊಂಡ. ಹದಿನೈದು ದಿನ ಮುಂಚೆ ಮೇಲ್ ಬರೆದು ಗುರುವಾರವನ್ನು ಕಚೇರಿಗೆ ಮರಳಿ ಕೊಟ್ಟೆ. ಮಂಗಳವಾರ ಹಾಗೆಯೇ ಮುಂದುವರಿಯಿತು. ಗುರುವಾರ ಸಂಜೆಯ ಅಮೆರಿಕದ ಕರೆ ಯಾರದು ಎಂಬ ಪ್ರಶ್ನೆ ಮತ್ತೆ ಎದ್ದಿತು. ಇನ್ನೊಂದು ಕಾಫಿ ಕುಡಿಯಬೇಕಾಯಿತು.